ನಕಲು ಎಂಬ ಪುಣ್ಯಕಾರ್ಯ

ಶಾಲೆಯಲ್ಲಿ ಪಕ್ಕದವನ ನೋಟ್‌ಬುಕ್ ನೋಡಿ ಬರೆದ ಹುಡುಗನಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಪಬ್ಲಿಕ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರಂತೂ ಡಿಬಾರ್. ಹೀಗಾಗಿ ನಕಲು ಎಂಬ ಮಾತಿಗೇ ಒಂದು ಕೆಟ್ಟ ಹೆಸರು ಅಂಟಿಕೊಂಡುಬಿಟ್ಟಿದೆ. ಆದರೆ ಸಾವಿರ ವರ್ಷಗಳ ಹಿಂದೆ ನಕಲು ಮಾಡಿಸಿದ ಒಬ್ಬ ಹೆಣ್ಣುಮಗಳನ್ನು ಇದೇ ಕನ್ನಡ ನಾಡು ‘ದಾನಚಿಂತಾಮಣಿ’ ಎಂದು ಕೊಂಡಾಡಿತು. ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣವನ್ನು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆಗ ಅಚ್ಚಿನ ಯಂತ್ರವೇ, ಜೆರಾಕ್ಸ್ ಅಂಗಡಿಯೇ? ಒಂದೊಂದು ಓಲೆಗರಿಯನ್ನೂ ಕಂಟದಿಂದ ಕೊರೆದು, ಕೊರೆದಲ್ಲಿಗೆ ಮಸಿ ತುಂಬಿ, ಒರೆಸಿ, ದಾರ ಪೋಣಿಸಿ ಕಟ್ಟಬೇಕು. ಅಂಥದ್ದರಲ್ಲಿ ಸಾವಿರ ಪ್ರತಿ!

ಆ ತಾಯಿಗೆ ಒಂದು ಸರಳ ಸತ್ಯ ಗೊತ್ತಿತ್ತು. ಓಲೆಗರಿಗೆ ಗೆದ್ದಲಿದೆ, ಬೆಂಕಿಯಿದೆ, ಮಳೆಗಾಲದ ತೇವವಿದೆ. ಒಂದು ಪ್ರತಿಯನ್ನು ಬಂಗಾರದ ಪೆಟ್ಟಿಗೆಯಲ್ಲಿಟ್ಟು ಕಾಯುವುದಕ್ಕಿಂತ ಸಾವಿರ ಪ್ರತಿಯನ್ನು ಸಾವಿರ ಕೈಗಳಿಗೆ ಕೊಟ್ಟುಬಿಡುವುದೇ ಕ್ಷೇಮ. ಪೊನ್ನನ ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಸಿಗುವುದಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ ಹೆಸರಿನಲ್ಲಷ್ಟೇ ಉಳಿದಿವೆ. ಕವಿರಾಜಮಾರ್ಗದಲ್ಲಿ ಹೆಸರಿಸಲಾದ ವಿಮಲ, ಉದಯ, ನಾಗಾರ್ಜುನ, ಜಯಬಂಧು ಮೊದಲಾದವರು ಏನು ಬರೆದಿದ್ದರೆಂದು ಹೇಳಲು ಇಂದು ಒಂದು ಗರಿಯೂ ಇಲ್ಲ. ಉಳಿದದ್ದಕ್ಕೆ ನಕಲೊಂದೇ ಕಾರಣವೆಂದು ಹೇಳಲಾಗದು. ಆದರೆ ನಕಲಿಲ್ಲದೆ ಉಳಿದದ್ದು ಬಲು ವಿರಳ.

ಈ ಹಳೆಯ ಕತೆಯನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಕವಿಗಳು, ಪಂಡಿತರು ಮಾತ್ರ ಬರೆಯುತ್ತಿದ್ದ ಕಾಲ ಹೋಗಿ ಮೂವತ್ತು ವರ್ಷಗಳಾದವು. ಅಂತರ್ಜಾಲ ಬಂದಮೇಲೆ ಬ್ಯಾಂಕ್ ಗುಮಾಸ್ತ, ಅಡಿಕೆ ತೋಟದ ಯಜಮಾನ, ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿ, ಹೈಸ್ಕೂಲು ಮೇಷ್ಟ್ರು ಎಲ್ಲರಿಗೂ ತಮ್ಮದೇ ಒಂದು ಪುಟ ಸಿಕ್ಕಿತು. ಊರಿನ ಜಾತ್ರೆ, ಅಜ್ಜಿ ಕಲಿಸಿದ ತಂಬುಳಿ, ಬದರಿಯಾತ್ರೆಯ ಅನುಭವ, ತೀರಿಹೋದ ಗೆಳೆಯನ ನೆನಪು ಇವೆಲ್ಲ ಅಲ್ಲಿ ದಾಖಲಾದವು. ಬರೆದವರಿಗೂ ಓದಿದವರಿಗೂ ಒಂದು ನಂಬಿಕೆ: ಇಂಟರ್ನೆಟ್ಟಿಗೆ ಒಮ್ಮೆ ಹಾಕಿದ್ದು ಅಲ್ಲೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ?

ಹೋಗುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಲೇ ಇರಲಿಲ್ಲ. ನೂರು ಮನೆಯ ಊರಿನಲ್ಲಿ ಹತ್ತು ವರ್ಷದೊಳಗೆ ಮೂವತ್ತೆಂಟು ಮನೆ ಬಾಗಿಲು ಹಾಕಿದಂತಾಯಿತು.

ಇದೇಕೆ ಹೀಗೆ? ವೆಬ್‌ಸೈಟ್ ಎಂಬುದು ಆಕಾಶದಲ್ಲಿ ತೇಲುವ ವಸ್ತುವಲ್ಲ. ಯಾವುದೋ ಊರಿನ ತಂಪು ಕೋಣೆಯಲ್ಲಿ ಹಗಲಿರುಳು ಓಡುತ್ತಿರುವ ಒಂದು ಕಂಪ್ಯೂಟರಿನ ಡಿಸ್ಕಿನಲ್ಲಿ ಅದು ಕುಳಿತಿರುತ್ತದೆ. ಆ ಕಂಪ್ಯೂಟರಿಗೆ ವಿದ್ಯುತ್ತು ಬೇಕು, ಜಾಗಕ್ಕೆ ಬಾಡಿಗೆ ಬೇಕು. ಪುಟದ ವಿಳಾಸವನ್ನೂ ಯಾರೂ ಶಾಶ್ವತವಾಗಿ ಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆಯೋ ಕೆಲವು ವರ್ಷಗಳಿಗೊಮ್ಮೆಯೋ ಹಣ ಕಟ್ಟಿ ನವೀಕರಿಸುತ್ತಿರಬೇಕು. ಹಣ ನಿಂತರೆ ವಿಳಾಸ ಬೇರೆಯವರ ಪಾಲು. ಪುಕ್ಕಟೆ ಜಾಗ ಕೊಟ್ಟ ಕಂಪನಿಯಾದರೆ ಅದಕ್ಕೆ ಲಾಭ ಕಾಣದ ದಿನ ಅಂಗಡಿ ಮುಚ್ಚುತ್ತದೆ. ಕಲ್ಲಿನ ಶಾಸನ ಯಾರೂ ನೋಡಿಕೊಳ್ಳದಿದ್ದರೂ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತದೆ. ವೆಬ್ ಪುಟ ಹಾಗಲ್ಲ, ದಿನವೂ ಎಣ್ಣೆ ಹಾಕಬೇಕಾದ ನಂದಾದೀಪ.

ಅಂಗಡಿ ಮುಚ್ಚಿದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಜಿಯೋಸಿಟೀಸ್. 1994ರಲ್ಲಿ ಅಮೆರಿಕದಲ್ಲಿ ಶುರುವಾದ ಈ ತಾಣ ಯಾರು ಕೇಳಿದರೂ ಪುಕ್ಕಟೆಯಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಡುತ್ತಿತ್ತು. ಅಲ್ಲಿ ಬಡಾವಣೆಗಳೂ ಇದ್ದವು. ಸಿನಿಮಾ ಹುಚ್ಚಿನವರಿಗೆ ಹಾಲಿವುಡ್, ವಿದ್ಯೆ–ತತ್ತ್ವದವರಿಗೆ ಅಥೆನ್ಸ್, ವಿಜ್ಞಾನದವರಿಗೆ ಕೇಪ್ ಕ್ಯಾನವೆರಲ್. ಜನ ಸೈಟು ಮಂಜೂರಾದವರಂತೆ ಸಂಭ್ರಮದಿಂದ ಬಂದು ಕುಣಿಯುವ ಚಿತ್ರ, ಮಿನುಗುವ ನಕ್ಷತ್ರಗಳನ್ನೆಲ್ಲ ಅಂಟಿಸಿ ಪುಟ ಕಟ್ಟಿದರು. ಮಗುವನ್ನು ಕಳೆದುಕೊಂಡ ತಾಯಂದಿರು ಆ ಮಗುವಿನ ಹೆಸರಿನಲ್ಲಿ ಪುಟ ಮಾಡಿದರು. 1999ರಲ್ಲಿ ಯಾಹೂ ಕಂಪನಿ ಈ ಇಡೀ ಊರನ್ನು ಮುನ್ನೂರೈವತ್ತು ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಷೇರು ಕೊಟ್ಟು ಕೊಂಡಿತು. ಹತ್ತು ವರ್ಷ ಕಳೆಯುವುದರೊಳಗೆ, 2009ರ ಏಪ್ರಿಲ್‌ನಲ್ಲಿ, ಮುಚ್ಚುತ್ತೇವೆಂದು ಸಾರಿತು. ಅಕ್ಟೋಬರ್ 26ರಂದು ಮುಚ್ಚಿಯೂ ಬಿಟ್ಟಿತು. ಲಿಂಗನಮಕ್ಕಿಯಲ್ಲಿ ಊರು ಮುಳುಗಿದಾಗ ನೀರು ಇಳಿದ ಬೇಸಿಗೆಯಲ್ಲಾದರೂ ಹಳೆಯ ಗೋಡೆ ಕಾಣುತ್ತದೆ. ಇಲ್ಲಿ ಅದೂ ಇಲ್ಲ.

ಆಗ ಕೆಲವು ಸ್ವಯಂಸೇವಕರು ಎದ್ದು ನಿಂತರು. ಜೇಸನ್ ಸ್ಕಾಟ್ ಎಂಬಾತ ಅದೇ 2009ರಲ್ಲಿ ಕಟ್ಟಿದ ಆರ್ಕೈವ್ ಟೀಮ್ ಎಂಬ ಗುಂಪಿನವರು ತಂತಮ್ಮ ಮನೆಯ ಕಂಪ್ಯೂಟರುಗಳಿಂದಲೇ ಹಗಲು ರಾತ್ರಿ ಪುಟಗಳನ್ನು ಇಳಿಸಿಕೊಂಡರು. ಸಿಕ್ಕಷ್ಟು ಸಿಕ್ಕಿತು. 2010ರಲ್ಲಿ ಆ ನೂರಾರು ಗಿಗಾಬೈಟ್‌ಗಳ ಮೂಟೆಯನ್ನು ಬೇಕಾದವರು ಒಯ್ಯಲೆಂದು ಬಿಟ್ಟುಕೊಟ್ಟರು. ಆ ಪುಟಗಳನ್ನು ಬರೆದವರ ಪರಿಚಯ ಇವರಿಗಿರಲಿಲ್ಲ. ಅವುಗಳಲ್ಲಿ ಎಷ್ಟೋ ಪುಟಗಳು ಕಣ್ಣಿಗೆ ಚೆಂದವೂ ಅಲ್ಲ. ಆದರೂ ಯಾರದೋ ಮನೆ ಹೊತ್ತಿ ಉರಿಯುವಾಗ ಪಾತ್ರೆ ಸಾಮಾನು ಹೊರಗೆ ತರುವ ನೆರೆಯವರಂತೆ ಕೆಲಸ ಮಾಡಿದರು.

ಜಿಯೋಸಿಟೀಸ್ ಒಂದೇ ಅಲ್ಲ. ಭಾರತದಲ್ಲಿ ಕಾಲೇಜು ಹುಡುಗರನ್ನೆಲ್ಲ ಸೆಳೆದಿದ್ದ ಆರ್ಕುಟ್ 2004ರಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ರಂದು ಕಣ್ಣು ಮುಚ್ಚಿತು. ಅಲ್ಲಿ ಬರೆದುಕೊಂಡ ‘ಸ್ಕ್ರಾಪು’ಗಳು, ಗೆಳೆಯರು ಪರಸ್ಪರ ಹೊಗಳಿ ಬರೆದ ಒಕ್ಕಣೆಗಳು ಇಳಿಸಿಕೊಳ್ಳಲು ಮರೆತವರಿಗೆ ಕೊನೆಗೆ ದಕ್ಕಲಿಲ್ಲ. ಮೈಸ್ಪೇಸ್ ಎಂಬ ತಾಣದ್ದು ಇನ್ನೂ ವಿಚಿತ್ರ. ಅದು ಮುಚ್ಚಲೇ ಇಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವಾಗ ಹನ್ನೆರಡು ವರ್ಷಗಳಲ್ಲಿ ಜನ ಹಾಕಿದ್ದ ಹಾಡುಗಳೆಲ್ಲ ಹೋದವು ಎಂದು 2019ರಲ್ಲಿ ಒಪ್ಪಿಕೊಂಡಿತು. ಐದು ಕೋಟಿಗೂ ಹೆಚ್ಚು ಹಾಡುಗಳು. ಮನೆ ಬದಲಿಸುವಾಗ ಲಾರಿಯಿಂದ ಒಂದು ಟ್ರಂಕು ಬಿದ್ದುಹೋಯಿತು ಎಂದಂತೆ!

ಅಷ್ಟೇಕೆ, ಜಗತ್ತಿನ ಮೊತ್ತಮೊದಲ ವೆಬ್ ಪುಟದ ಕತೆಯನ್ನೇ ನೋಡಿ. ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್ ಲೀ ಅದನ್ನು ಸಿದ್ಧಪಡಿಸಿದ್ದು. 1991ರಲ್ಲಿ ಅದು ಹೊರಜಗತ್ತಿಗೆ ತೆರೆದುಕೊಂಡಿತು. ಪುಟವನ್ನು ಆಗಾಗ ತಿದ್ದುತ್ತಿದ್ದರು. ಹಳೆಯದರ ಮೇಲೆಯೇ ಹೊಸದು ಬರುತ್ತಿತ್ತು. 2013ರಲ್ಲಿ ಸರ್ನ್ ಸಂಸ್ಥೆ ಆ ಮೊದಲ ತಾಣವನ್ನು ಮತ್ತೆ ಅದರ ಹಳೆಯ ವಿಳಾಸದಲ್ಲಿ ಕೂರಿಸಲು ಹೊರಟಾಗ ಕೈಗೆ ಸಿಕ್ಕಿದ್ದು 1992ರ ಪ್ರತಿ. ಇತಿಹಾಸ ನಡೆಯುತ್ತಿರುವಾಗ ಅದು ಇತಿಹಾಸವೆಂದು ಅನ್ನಿಸುವುದೇ ಇಲ್ಲ. ಎಲ್ಲರಿಗೂ ಅದು ಆವತ್ತಿನ ಕೆಲಸ.

ಅಂತರ್ಜಾಲಕ್ಕೂ ಒಬ್ಬ ಲಿಪಿಕಾರ ಬೇಕೆಂದು ಬಹಳ ಮುಂಚೆಯೇ ಅನ್ನಿಸಿದ್ದು ಬ್ರೂಸ್ಟರ್ ಕಾಲ್ ಎಂಬಾತನಿಗೆ. 1996ರಲ್ಲಿ ಆತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಕಟ್ಟಿದ. ಅದರ ಯಂತ್ರಗಳು ಕೊಂಡಿಯಿಂದ ಕೊಂಡಿಗೆ ಹಾರುತ್ತ, ಕಂಡ ಪುಟಗಳ ನಕಲು ತೆಗೆದು ತಾರೀಖು ಹಾಕಿ ಇಡುತ್ತವೆ. 2001ರಿಂದ ‘ವೇಬ್ಯಾಕ್ ಮಷಿನ್’ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಹಳೆಯ ವಿಳಾಸ ಕೊಟ್ಟು ಹಳೆಯ ಪುಟ ನೋಡಬಹುದಾಯಿತು. 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಸೇರಿದ ಪುಟಗಳ ಲೆಕ್ಕ ಒಂದು ಲಕ್ಷ ಕೋಟಿ ಮುಟ್ಟಿತು. ಆದರೆ ಎಲ್ಲವೂ ಅಲ್ಲಿದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಯಂತ್ರ ಬಂದ ದಿನ ಇದ್ದದ್ದು ಸಿಕ್ಕುತ್ತದೆ, ಮರುದಿನ ಸೇರಿಸಿದ್ದು ಸಿಕ್ಕದೆ ಹೋಗಬಹುದು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕಾದ ಪುಟಗಳು ಅದರ ಕೈಗೆ ಎಟುಕುವುದಿಲ್ಲ. ಎಷ್ಟೋ ಸಲ ಅಕ್ಷರ ಉಳಿದು ಚಿತ್ರ ಹೋಗಿರುತ್ತದೆ. ಆ ಸಂಸ್ಥೆಯೂ ಆಪತ್ತಿಗೆ ಹೊರತಲ್ಲ. 2024ರ ಅಕ್ಟೋಬರ್‌ನಲ್ಲಿ ಕಿಡಿಗೇಡಿಗಳ ದಾಳಿಗೆ ಸಿಕ್ಕಿ ಹಲವು ದಿನ ಅದರ ಬಾಗಿಲೇ ತೆರೆಯಲಿಲ್ಲ.

ಒಬ್ಬ ಸಾಮಾನ್ಯ ಮನುಷ್ಯನ ಪುಟ ಹೋದರೆ ಏನು ಹೋದಂತೆ? ಮಲೆನಾಡಿನ ಒಂದು ತಾಲೂಕಿನಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರ ಸಂಗತಿ ಇದಕ್ಕೆ ಉತ್ತರ ಹೇಳುತ್ತದೆ. ಅಂಗಳದಲ್ಲಿ ಮಳೆಮಾಪಕ ಇಟ್ಟು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ನಕ್ಷತ್ರವಾರು ಮಳೆಯ ಲೆಕ್ಕ ಬರೆಯುವುದು ಅವರ ಹವ್ಯಾಸ. ಜೊತೆಗೆ ಸುತ್ತಮುತ್ತ ಯಾರ ಗದ್ದೆಯಲ್ಲಿ ಯಾವ ಭತ್ತ ಇದೆ, ಯಾವುದು ನೆರೆ ತಡೆಯುತ್ತದೆ, ಯಾವುದರ ಅಕ್ಕಿ ಪಾಯಸಕ್ಕೆ ಒಳ್ಳೆಯದು ಎಂಬ ಟಿಪ್ಪಣಿ. ಮಗ ಮಾಡಿಕೊಟ್ಟ ವೆಬ್‌ಸೈಟಿನಲ್ಲಿ 2001ರಿಂದ ಇದನ್ನೆಲ್ಲ ಕುಟ್ಟಿ ಹಾಕಿದರು. ಓದುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಅವರೇನೂ ಬೇಸರ ಪಟ್ಟುಕೊಂಡವರಲ್ಲ.

2016ರಲ್ಲಿ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆ ಆಯಿತು, ಪಿಂಚಣಿ ಕಾಗದ ಪತ್ರ ಆಯಿತು, ಬ್ಯಾಂಕಿನ ನಾಮಿನಿ ಕೆಲಸ ಆಯಿತು. ವೆಬ್‌ಸೈಟಿನ ಬಾಡಿಗೆ ಕಟ್ಟಿ ಎಂಬ ಪತ್ರಗಳು ಅವರ ಇ–ಮೇಲಿಗೆ ಬರುತ್ತಲೇ ಇದ್ದವು, ತೆರೆಯುವವರು ಯಾರು? ಮರುವರ್ಷ ವಿಳಾಸ ಕೈಬಿಟ್ಟಿತು. ಯಾರೋ ಅದನ್ನು ಕೊಂಡರು. ನೆಂಟರೊಬ್ಬರು ತೆರೆದು ನೋಡಿದರೆ ಜೀರಿಗೆಸಣ್ಣ, ಗಂಧಸಾಲೆಗಳ ಜಾಗದಲ್ಲಿ ಜೂಜಿನ ಜಾಹೀರಾತು.

ಐದು ವರ್ಷದ ಮೇಲೆ ಕೃಷಿ ಕಾಲೇಜು ಸೇರಿದ ಮೊಮ್ಮಗಳಿಗೆ ಊರಿನ ಭತ್ತದ ತಳಿಗಳ ಬಗ್ಗೆ ಬರೆಯಬೇಕಾಗಿ ಬಂದಾಗ ಅಜ್ಜನ ನೆನಪಾಯಿತು. ಅಜ್ಜನ ಕಂಪ್ಯೂಟರನ್ನು ಎಂದೋ ಗುಜರಿಗೆ ಹಾಕಿದ್ದರು. ಅವಳು ವೇಬ್ಯಾಕ್ ಮಷಿನ್ನಿನಲ್ಲಿ ಹಳೆಯ ವಿಳಾಸ ಕೊಟ್ಟು ನೋಡಿದಳು. ಪುಟಗಳು ಬಂದವು, ಆದರೆ ಕನ್ನಡ ಬರಲಿಲ್ಲ! ಸೊಟ್ಟ ಇಂಗ್ಲಿಷ್ ಅಕ್ಷರ, ಅದರ ತಲೆಯ ಮೇಲೊಂದು ಗೀಟು, ಪಕ್ಕದಲ್ಲೊಂದು ಚುಕ್ಕೆ.

ಇದರ ಗುಟ್ಟು ಇಷ್ಟೆ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯುಂಟು. ಅದು ಬಳಕೆಗೆ ಬರುವ ಮುಂಚೆ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೇ ಕನ್ನಡದ ವೇಷ ತೊಡಿಸುತ್ತಿದ್ದವು. ಆ ವೇಷದ ಪೆಟ್ಟಿಗೆಯೇ ಫಾಂಟು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ಹೀಗೆ ನಕಲು ಉಳಿದರೂ ಓದುವ ವಿದ್ಯೆ ಉಳಿಯದಿದ್ದರೆ ಉಪಯೋಗವಿಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ಓಲೆಗರಿ ಕಟ್ಟನ್ನು ಓದಬಲ್ಲ ಆರ್. ಶಾಮಶಾಸ್ತ್ರಿಗಳು ಅಲ್ಲಿದ್ದರು, ಆದ್ದರಿಂದಲೇ ಕಳೆದುಹೋಯಿತೆಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಗಿ ಲೋಕಕ್ಕೆ ಸಿಕ್ಕಿತು.

ಮೊಮ್ಮಗಳಿಗೆ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಸಿಕ್ಕಿತು. ಒತ್ತಕ್ಷರಗಳು ಅಲ್ಲಲ್ಲಿ ಕಲಸಿಹೋಗಿದ್ದವು. ಅದಕ್ಕೆ ನೆರವಾದವರು ಕಂಪ್ಯೂಟರ್ ಮುಟ್ಟದ ಅಜ್ಜಿ. ‘ಅದು ನೆರೆಗುಳಿ ಕಣೇ ಪುಟ್ಟಿ. ನಿಮ್ಮಜ್ಜ ಹೊಳೆ ಬದಿ ಗದ್ದೆಗೆ ಅದನ್ನೇ ಹಾಕಿ ಅಂತ ಎಲ್ಲರಿಗೂ ಹೇಳ್ತಿದ್ರು’ ಎಂದು ಅವರು ಒಂದೊಂದೇ ಹೆಸರು ಬಿಡಿಸಿದರು. ಭತ್ತದ ಟಿಪ್ಪಣಿ ಬಹುಪಾಲು ದಕ್ಕಿತು. ಮಳೆಯ ಲೆಕ್ಕ ಹದಿನೈದು ವರ್ಷದ್ದರಲ್ಲಿ ಒಂಬತ್ತು ವರ್ಷದ್ದು ಸಿಕ್ಕಿತು. ಉಳಿದ ಆರು ಮಳೆಗಾಲಗಳು ಆ ಅಂಗಳದಲ್ಲಿ ಸುರಿದದ್ದು ನಿಜ. ಎಷ್ಟು ಎಂದು ಹೇಳಲು ಇನ್ನು ಯಾರೂ ಇಲ್ಲ. ತೆನೆಗಳ ಫೋಟೋ ಒಂದೂ ಸಿಗಲಿಲ್ಲ, ಕೆಳಗೆ ಬರೆದ ಹೆಸರುಗಳು ಮಾತ್ರ ಉಳಿದಿದ್ದವು.

ಪೋಸ್ಟ್‌ಮಾಸ್ಟರರ ಟಿಪ್ಪಣಿಯಲ್ಲಿದ್ದ ರೈತರಿಗೆ ಈ ಪಾಠ ಹೊಸದಲ್ಲ. ಬಿತ್ತನೆಯ ಭತ್ತವನ್ನು ಹುಲ್ಲಿನ ಮೂಡೆ ಕಟ್ಟಿ ಅಟ್ಟದ ಮೇಲೆ ಎಷ್ಟು ಜೋಪಾನವಾಗಿ ಇಟ್ಟರೂ ಕೆಲವು ವರ್ಷಕ್ಕೆ ಅದು ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ತಳಿ ಉಳಿಯಬೇಕಾದರೆ ಮತ್ತೆ ಮತ್ತೆ ಬಿತ್ತಬೇಕು, ಬೆಳೆಯಬೇಕು, ಹೊಸ ಬೀಜ ತೆಗೆದಿಡಬೇಕು. ಇಷ್ಟೇ ಸಾಲದು, ನಾಲ್ಕು ಸೇರು ನೆಂಟರಿಗೆ, ನಾಲ್ಕು ಸೇರು ಆಚೆ ಹಳ್ಳಿಯವರಿಗೆ ಕೊಡಬೇಕು. ಒಂದು ವರ್ಷ ತಮ್ಮ ಗದ್ದೆ ಕೊಚ್ಚಿಹೋದರೆ ಅವರ ಮನೆಯಿಂದ ಮರಳಿ ತರಬಹುದು. ಬೀಜ ಉಳಿಯುವುದು ಕಣಜದಲ್ಲಿ ಅಲ್ಲ, ಗದ್ದೆಯಲ್ಲಿ ಮತ್ತು ನೆರೆಮನೆಯಲ್ಲಿ.

ಕಂಪ್ಯೂಟರಿನ ಬೀಜವೂ ಹಾಗೆಯೇ. ಪೆನ್‌ಡ್ರೈವ್ ಎಂಬುದು ಅತಿ ಸೂಕ್ಷ್ಮ ಗೂಡುಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ನೆನಪಿಟ್ಟುಕೊಳ್ಳುವ ಸಾಧನ. ವರ್ಷಗಳು ಕಳೆದಂತೆ ಅವು ಗೂಡಿನಿಂದ ಸೋರುತ್ತವೆ. ಮನೆಯಲ್ಲಿ ಬರೆದುಕೊಳ್ಳುವ ಸಿ.ಡಿ.ಯಲ್ಲಿ ಇರುವುದು ತೆಳ್ಳನೆಯ ಬಣ್ಣದ ಪದರ. ಬಿಸಿಲು, ಸೆಕೆಗೆ ಅದು ಕೆಡುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ಚಕ್ರವಿದೆ. ತಿರುಗುವುದೆಲ್ಲ ಒಂದು ದಿನ ನಿಲ್ಲುತ್ತದೆ. ಯಾವುದೂ ಶಾಶ್ವತವಲ್ಲ ಎಂದು ತಿಳಿದೇ ತಜ್ಞರು 3–2–1 ಎಂಬ ಸುಲಭ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಕಟ್ಟಿದ ಲಾಕ್ಸ್ ಎಂಬ ಯೋಜನೆಯ ಹೆಸರಿನ ಅರ್ಥವೇ ‘ಪ್ರತಿಗಳು ಬಹಳವಿದ್ದರೆ ವಸ್ತು ಕ್ಷೇಮ’ ಎಂದು. ಅತ್ತಿಮಬ್ಬೆ ಇದನ್ನು ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ಅರಿತಿದ್ದಳು!

ವೆಬ್ ಪುಟ ಇಟ್ಟುಕೊಂಡವರು ಮಾಡಬೇಕಾದದ್ದು ಕಷ್ಟದ ಕೆಲಸವೇನೂ ಅಲ್ಲ. ಬರೆಯುವುದನ್ನು ನೇರವಾಗಿ ತಾಣದಲ್ಲೇ ಬರೆಯದೆ ಮೊದಲು ಮನೆಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಬರೆದು ಇಟ್ಟುಕೊಳ್ಳುವುದು. ಚಿತ್ರಗಳ ಮೂಲವನ್ನು ಹೆಸರು, ತಾರೀಖು ಸಹಿತ ಬೇರೆ ಇಡುವುದು. ಈಗಾಗಲೇ ತಾಣದಲ್ಲಿ ಇರುವುದನ್ನು ತಾಣದವರೇ ಕೊಡುವ ‘ಎಕ್ಸ್‌ಪೋರ್ಟ್’ ಸೌಲಭ್ಯದಿಂದ ಇಳಿಸಿಕೊಳ್ಳುವುದು. ಅದಿಲ್ಲದಿದ್ದರೆ ಇಡೀ ತಾಣವನ್ನು ನಕಲು ತೆಗೆಯುವ ಎಚ್‌ಟಿಟ್ರ್ಯಾಕ್‌ನಂಥ ಉಚಿತ ತಂತ್ರಾಂಶಗಳಿವೆ. ವೇಬ್ಯಾಕ್ ಮಷಿನ್ ತಾನಾಗಿ ಬರಲೆಂದು ಕಾಯಬೇಕಾಗಿಲ್ಲ, ಪುಟದ ವಿಳಾಸ ಕೊಟ್ಟು ‘ಇದನ್ನು ಉಳಿಸು’ ಎಂದು ಹೇಳುವ ಅನುಕೂಲ 2013ರಿಂದ ಇದೆ. ಇಳಿಸಿಕೊಂಡ ಮೇಲೆ ಒಮ್ಮೆ ತೆರೆದು ನೋಡಲೇಬೇಕು. ತೆರೆದು ನೋಡದ ಪ್ರತಿ ಮೊಳಕೆ ಪರೀಕ್ಷೆ ಮಾಡದ ಬೀಜವಿದ್ದಂತೆ.

ಬಹಳ ಮುಖ್ಯವಾದ ಬರಹಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಹೊಲಿಸಿಬಿಡುವುದೂ ಒಳ್ಳೆಯದೇ. ಕಾಗದವನ್ನು ಓದಲು ವಿದ್ಯುತ್ತು ಬೇಡ, ಪಾಸ್‌ವರ್ಡ್ ಬೇಡ.

ಹಾಗೆಂದು ಬರೆದದ್ದೆಲ್ಲ ಉಳಿಯಲೇಬೇಕೆಂಬ ಹಟವೂ ಬೇಡ. ಕಾಲೇಜು ದಿನಗಳ ಪ್ರೇಮ ಕವನ, ಸಿಟ್ಟಿನಲ್ಲಿ ಗೀಚಿದ ಜಗಳ ಇವನ್ನು ಬರೆದವರೇ ಅಳಿಸಿದರೆ ಅದು ಅವರ ಹಕ್ಕು. ಮನೆಯಲ್ಲಿ ಬಂದ ಕಾಗದಗಳನ್ನೆಲ್ಲ ಯಾರೂ ತಂತಿಗೆ ಚುಚ್ಚಿ ಇಡುವುದಿಲ್ಲ. ಹಲವನ್ನು ಹರಿದು ಒಲೆಗೆ ಹಾಕುತ್ತಾರೆ. ಆದರೆ ಬೇಡವೆಂದು ಒಲೆಗೆ ಹಾಕುವುದು ಬೇರೆ, ಸೂರು ಸೋರಿ ಹಾಳಾಗುವುದು ಬೇರೆ. ಯಾವುದು ಇರಲಿ, ಯಾವುದು ಹೋಗಲಿ ಎಂದು ತೀರ್ಮಾನಿಸಬೇಕಾದವನು ಬರೆದವನೇ ಹೊರತು ಬಾಕಿ ಉಳಿದ ಬಾಡಿಗೆಯ ಬಿಲ್ಲಲ್ಲ.

ಈ ತೀರ್ಮಾನವನ್ನು ಬದುಕಿರುವಾಗಲೇ ಮಾಡಬೇಕು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ತಾನಿಲ್ಲದಾಗ ಖಾತೆ ಯಾರಿಗೆ ಹೋಗಬೇಕೆಂದು ಮೊದಲೇ ತಿಳಿಸುವ ವ್ಯವಸ್ಥೆಯನ್ನೂ ಅದೇ ಕಂಪನಿ 2013ರಿಂದ ಕೊಟ್ಟಿದೆ. ಬಳಸಿಕೊಳ್ಳುವವರು ಬೇಕಷ್ಟೆ. ಪ್ರತಿ ಮನೆಯಲ್ಲೂ ಎಲ್‌ಐಸಿ ಬಾಂಡು, ಜಮೀನಿನ ಪಹಣಿ, ಮನೆಯ ಕ್ರಯಪತ್ರ ಇಡುವ ಒಂದು ಟ್ರಂಕು ಇರುತ್ತದೆ. ಯಜಮಾನ ಹೋದ ಮೇಲೆ ಮಕ್ಕಳು ಮೊದಲು ತೆರೆಯುವುದೇ ಅದನ್ನು. ಅದರೊಳಗೆ ಇನ್ನೊಂದು ಚೀಟಿಗೆ ಜಾಗವಿದೆ: ಇಂಥ ವಿಳಾಸದಲ್ಲಿ ಇಂಥ ಬರಹಗಳಿವೆ, ಬಾಡಿಗೆಯ ಗಡುವು ಇಂಥ ತಿಂಗಳು, ಇವುಗಳ ಪ್ರತಿ ಇಂಥಿಂಥವರ ಮನೆಯಲ್ಲಿದೆ.

ಪೋಸ್ಟ್‌ಮಾಸ್ಟರರ ಮೊಮ್ಮಗಳು ಸಿಕ್ಕಿದ್ದನ್ನೆಲ್ಲ ಜೋಡಿಸಿ ಹನ್ನೆರಡು ಪ್ರತಿ ಮಾಡಿಸಿದಳು. ಒಂದು ಊರಿನ ಶಾಲೆಗೆ, ಒಂದು ಗ್ರಂಥಾಲಯಕ್ಕೆ, ಒಂದು ತನ್ನ ಕಾಲೇಜಿಗೆ, ಉಳಿದವು ಆ ಟಿಪ್ಪಣಿಯಲ್ಲಿ ಹೆಸರಿದ್ದ ರೈತರ ಮನೆಗಳಿಗೆ ಹೋದವು. ಸಾವಿರ ಪ್ರತಿ ಮಾಡಿಸಲು ಎಲ್ಲರೂ ಅತ್ತಿಮಬ್ಬೆಯಾಗಬೇಕಿಲ್ಲ. ಒಂದು ಮನೆತನದ ನೆನಪಿಗೆ ಹನ್ನೆರಡೂ ಸಾಕು.